ಓದಿದ್ದನ್ನು ಗೆಳೆಯನಿಗೆ ದಾಟಿಸುವ ಬಗೆ

ಆರು ತಿಂಗಳ ಹಿಂದೆ ಓದಿದ ಪುಸ್ತಕದ ಒಂದು ವಿಚಾರವೂ ಇಂದು ನೆನಪಿಗೆ ಬಾರದಿದ್ದರೆ, ನೆನಪಿನ ಶಕ್ತಿಯನ್ನು ದೂರುವ ಮೊದಲು ಓದುವ ಕ್ರಮವನ್ನು ಬದಲಿಸಿ ನೋಡಬೇಕು. ರೋಮಿನ ಚಿಂತಕ ಸೆನೆಕ ಕ್ರಿ.ಶ. 65ರಲ್ಲಿ ತೀರಿಕೊಂಡನು, ಬಾಳಿನ ಕೊನೆಯ ವರ್ಷಗಳಲ್ಲಿ ಅವನು ಗೆಳೆಯ ಲೂಸಿಲಿಯಸನಿಗೆ ಬರೆದ 124 ಪತ್ರಗಳು ಉಳಿದುಬಂದಿವೆ. ಸದಾ ಊರೂರು ಅಲೆಯುವವನಿಗೆ ತಂಗಲು ಮನೆಗಳು ಹಲವು ಸಿಕ್ಕರೂ ಗೆಳೆಯರು ಸಿಗುವುದಿಲ್ಲ, ಹತ್ತಾರು ಲೇಖಕರನ್ನು ಅವಸರದಲ್ಲಿ ಓದುವವನ ಪಾಡೂ ಅದೇ ಎಂಬುದು ಎರಡನೆಯ ಪತ್ರದ ತಿರುಳು.

ಆದುದರಿಂದ ವರ್ಷಕ್ಕೆ ಮೂರೋ ನಾಲ್ಕೋ ಪುಸ್ತಕಗಳನ್ನು ನಿಧಾನದ ಓದಿಗೆಂದು ಆರಿಸಿಕೊಳ್ಳಿ. ಅವುಗಳಲ್ಲಿ ಒಂದು ಹಿಂದೆ ಓದಿದ್ದೇ ಆಗಿರಲಿ. ದಿನದ ಓದು ಮುಗಿದ ಮೇಲೆ ಪುಸ್ತಕವನ್ನು ಮುಚ್ಚಿಟ್ಟು, ಒಂದೇ ಒಂದು ವಿಚಾರವನ್ನು ಸ್ವಂತ ಮಾತಿನಲ್ಲಿ ಬರೆಯಿರಿ. ಸಾಲುಗಳನ್ನು ನಕಲು ಮಾಡುವುದರಿಂದ ಕೈಗೆ ಕೆಲಸ ಸಿಗುತ್ತದೆಯೇ ಹೊರತು ಬುದ್ಧಿಗಲ್ಲ. ಫ್ರಾನ್ಸಿನ ಪ್ರಬಂಧಕಾರ ಮೊಂಟೇನ್ (1533–1592) ತನ್ನ ಮರೆವಿಗೆ ಮದ್ದಾಗಿ, ಪುಸ್ತಕದ ಕೊನೆಯಲ್ಲಿ ಓದಿ ಮುಗಿಸಿದ ದಿನವನ್ನೂ ತನಗಾದ ಅಭಿಪ್ರಾಯವನ್ನೂ ಗುರುತು ಹಾಕುತ್ತಿದ್ದನು. ಎರಡು ನಿಮಿಷದ ಈ ಕೆಲಸವನ್ನು ಬಿಡಬೇಡಿ.

ವಾರಕ್ಕೊಮ್ಮೆ ಆ ಟಿಪ್ಪಣಿಗಳಿಂದ ಒಂದನ್ನು ಆಯ್ದು ಗೆಳೆಯನಿಗೆ ಬರೆಯಿರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹೆಚ್ಚಿನವರು ಇಲ್ಲಿಯೇ ಸಂಕೋಚಪಡುತ್ತಾರೆ. ಪುಸ್ತಕದ ಸಾರಾಂಶ ಬೇಕಿಲ್ಲ. ಯಾವ ಮಾತು ತಡೆದು ನಿಲ್ಲಿಸಿತು, ಅದು ನಿಮ್ಮ ಬದುಕಿನ ಯಾವ ಸಂದರ್ಭವನ್ನು ಮುಟ್ಟಿತು, ಎಲ್ಲಿ ಅನುಮಾನ ಉಳಿಯಿತು ಎಂಬಷ್ಟು ಸಾಕು. ಒಪ್ಪಿಗೆಯಾದದ್ದನ್ನು ಮಾತ್ರ ಕಳುಹಿಸುವುದೂ ತಪ್ಪು: ಸೆನೆಕ ಸದ್ಗುಣವೇ ಬಾಳಿನ ಗುರಿಯೆನ್ನುವ ಸ್ಟೋಯಿಕ್ ಪಂಥದವನಾಗಿದ್ದರೂ ತನ್ನ ಮೊದಮೊದಲ ಪತ್ರಗಳ ಕೊನೆಗೆ ಸೇರಿಸಿದ ಮಾತುಗಳಲ್ಲಿ ಹಲವು, ಸುಖವೇ ಗುರಿಯೆನ್ನುವ ಎದುರು ಪಂಥದ ಗ್ರೀಕ್ ಚಿಂತಕ ಎಪಿಕ್ಯೂರಸನವು. ಜೊತೆಗೆ, ಆ ಮಾತಿನಂತೆ ಒಂದು ವಾರ ನಡೆದು ನೋಡುವೆನೆಂದು ಬರೆದುಬಿಟ್ಟರೆ, ನಡೆದಿರೋ ಇಲ್ಲವೋ ಎಂದು ಕೇಳುವ ಹಕ್ಕು ಗೆಳೆಯನಿಗೆ ಸಿಗುತ್ತದೆ. ತನ್ನನ್ನು ತಾನೇ ವಿಚಾರಿಸಿಕೊಳ್ಳುವವನು ಬಹಳ ಬೇಗ ರಿಯಾಯಿತಿ ಕೊಟ್ಟುಕೊಳ್ಳುತ್ತಾನೆ.

ಯಾರಿಗೆ ಬರೆಯಬೇಕು? ಅರಿಸ್ಟಾಟಲ್ ಸ್ನೇಹವನ್ನು ಪ್ರಯೋಜನದ್ದು, ಸಂತೋಷದ್ದು, ಸದ್ಗುಣದ್ದು ಎಂದು ಮೂರಾಗಿ ವಿಂಗಡಿಸಿ, ಮೂರನೆಯದು ಕೂಡಿ ಬಾಳಿದ ಕಾಲದಿಂದಲೇ ಗಟ್ಟಿಯಾಗುತ್ತದೆ ಎಂದನು. ಭರ್ತೃಹರಿಯ ಪ್ರಕಾರ ದುರ್ಜನರ ಗೆಳೆತನ ಮುಂಜಾನೆಯ ನೆರಳಿನಂತೆ ದೊಡ್ಡದಾಗಿ ಶುರುವಾಗಿ ಕುಗ್ಗುತ್ತದೆ, ಸಜ್ಜನರದು ಮಧ್ಯಾಹ್ನದ ನಂತರದ ನೆರಳಿನಂತೆ ಬೆಳೆಯುತ್ತದೆ. ಹಾಗಾಗಿ ಸಣ್ಣ ವಿಷಯದಿಂದ ಆರಂಭಿಸಿ, ‘ನನಗಿದು ಅರ್ಥವಾಗಲಿಲ್ಲ’ ಎಂದಾಗ ಆತ ನಗುತ್ತಾನೋ ಜೊತೆಗೆ ಕೂತು ಯೋಚಿಸುತ್ತಾನೋ ಗಮನಿಸಿ. ಪರೀಕ್ಷೆಯೆಲ್ಲ ಗೆಳೆತನಕ್ಕೆ ಮೊದಲು. ಒಮ್ಮೆ ಗೆಳೆಯನೆಂದು ಒಪ್ಪಿದ ಮೇಲೆ ಮನಸ್ಸಿನಲ್ಲಿರುವುದನ್ನು ಅಳೆದು ಸುರಿದು ಹೇಳಬಾರದು.

ವರ್ಷ ಕಳೆದ ಮೇಲೆ ಅದೇ ಪುಸ್ತಕವನ್ನು ಮತ್ತೆ ಓದಿ. ಹಳೆಯ ಟಿಪ್ಪಣಿ ಎಷ್ಟೇ ಬಾಲಿಶವೆನಿಸಿದರೂ ಅಳಿಸದೆ, ಅದರ ಕೆಳಗೆ ಹೊಸ ದಿನಾಂಕ ಹಾಕಿ ಈಗಿನ ಅಭಿಪ್ರಾಯವನ್ನು ಬರೆದು, ಎರಡನ್ನೂ ಗೆಳೆಯನಿಗೆ ಓದಿ ಹೇಳಿ.