ಮನುಷ್ಯರು ಮಾತಾಡುವಾಗ ಮಾತ್ರ ಟೋನ್: ನಮ್ಮ ರಿಪೀಟರ್‌ನಲ್ಲಿ ನಾನು ಮಾಡಿದ ಬದಲಾವಣೆ

ನಾನು ನೋಡಿಕೊಳ್ಳುವ ಹ್ಯಾಮ್ ರಿಪೀಟರ್ (ಹವ್ಯಾಸಿ ರೇಡಿಯೋದವರ ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಯಂತ್ರ) ಮೊದಲು ಟ್ರಾನ್ಸ್‌ಮಿಟ್ ಆದಾಗಲೆಲ್ಲ ಸಿಟಿಸಿಎಸ್‌ಎಸ್ ಟೋನ್, ಅಂದರೆ ಮಾತಿನ ಕೆಳಗೆ ಗುರುತಿಗಾಗಿ ಸೇರಿಸುವ ಸಣ್ಣ ಗುಂಯ್ ಸದ್ದು, ಕಳಿಸುತ್ತಿತ್ತು. ಯಾರೋ ಮಾತಾಡುತ್ತಿದ್ದರೂ ಟೋನ್, ಮಾತು ನಿಂತ ಮೇಲೂ ರಿಪೀಟರ್ ಸ್ವಲ್ಪ ಹೊತ್ತು ಆನ್ ಇರುವ ಹ್ಯಾಂಗ್ ಟೈಮ್‌ನಲ್ಲಿ ಬರೀ ಕ್ಯಾರಿಯರ್ (ಮಾತಿಲ್ಲದ ರೇಡಿಯೋ ಅಲೆ) ಇದ್ದರೂ ಟೋನ್, ಮೋರ್ಸ್‌ನಲ್ಲಿ ಕಾಲ್‌ಸೈನ್ (ರಿಪೀಟರ್‌ನ ಗುರುತಿನ ಹೆಸರು) ಹೋಗುವಾಗಲೂ ಟೋನ್. ಟೋನ್ ಹುಟ್ಟಿಸುವ ಎನ್‌ಕೋಡರ್ ನೇರವಾಗಿ ಟ್ರಾನ್ಸ್‌ಮಿಟರ್ ಆನ್ ಮಾಡುವ ಪಿಟಿಟಿ ಲೈನ್‌ಗೆ ಕಟ್ಟಿಕೊಂಡಿದ್ದರೆ ಹೀಗೇ ಆಗುವುದು.

ಇದರಿಂದ ಏನು ತೊಂದರೆ? ಮನೆಯಲ್ಲಿ ರೇಡಿಯೋ ಇಡೀ ದಿನ ಆನ್ ಇಡುವವರಿಗೆ ಟೋನ್ ಸ್ಕ್ವೆಲ್ಚ್ (ಸರಿಯಾದ ಟೋನ್ ಬಂದರೆ ಮಾತ್ರ ಸ್ಪೀಕರ್ ತೆರೆಯುವ ವ್ಯವಸ್ಥೆ) ಹಾಕಿಕೊಂಡರೂ ನೆಮ್ಮದಿ ಇಲ್ಲ. ಕಾಲ್‌ಸೈನ್ ಬಂದಾಗಲೆಲ್ಲ ಸ್ಪೀಕರ್ ತೆರೆಯುತ್ತದೆ. ಕ್ಯಾರಿಯರ್ ಬಿದ್ದಾಗ 'ಖಸ್' ಅಂತ ಗದ್ದಲ ಬೇರೆ. ಅದಕ್ಕಿಂತ ದೊಡ್ಡ ತೊಂದರೆ ರಿಪೀಟರನ್ನು ಇಂಟರ್ನೆಟ್‌ಗೆ ಜೋಡಿಸುವ ಲಿಂಕ್ ನೋಡ್‌ನದು. ಎಕೋಲಿಂಕ್ (ಹ್ಯಾಮ್‌ಗಳನ್ನು ಇಂಟರ್ನೆಟ್ ಮೂಲಕ ಜೋಡಿಸುವ ವ್ಯವಸ್ಥೆ) ನೋಡ್‌ನ ರೇಡಿಯೋ ರಿಪೀಟರ್‌ನ ಔಟ್‌ಪುಟ್ ಕೇಳಿಸಿಕೊಂಡು ಇಂಟರ್ನೆಟ್‌ಗೆ ದಾಟಿಸುತ್ತದೆ. ಹ್ಯಾಂಗ್ ಟೈಮ್‌ನಲ್ಲೂ ಟೋನ್ ಇದ್ದರೆ, ಇನ್ನೂ ಯಾರೋ ಮಾತಾಡುತ್ತಿದ್ದಾರೆ ಅಂದುಕೊಂಡು ಅದು ದಾರಿ ಬಿಡುವುದಿಲ್ಲ. ಆ ಕಡೆಯವರಿಗೆ ನಡುವೆ ಬಾಯಿ ಹಾಕಲು ಜಾಗವೇ ಸಿಗುವುದಿಲ್ಲ.

ಹಾಗಾಗಿ ನಾನು ಹಿಡಿದ ನಿಯಮ ಒಂದೇ. ಟೋನ್ ಟ್ರಾನ್ಸ್‌ಮಿಟರನ್ನು ಹಿಂಬಾಲಿಸಬಾರದು, ಒಳಗೆ ಬರುವ ಸಿಗ್ನಲನ್ನು ಹಿಂಬಾಲಿಸಬೇಕು.

ರಿಸೀವರ್‌ನಿಂದ ಎರಡು ಲೈನ್ ಸಿಗುತ್ತವೆ. ಒಂದು ಸಿಒಎಸ್, ಅಂದರೆ ಸ್ಕ್ವೆಲ್ಚ್ ತೆರೆದಿದೆ ಎನ್ನುವ ಸೂಚನೆ. ಇನ್ನೊಂದು ಟೋನ್ ಡಿಕೋಡರ್‌ನದು, ಸರಿಯಾದ ಟೋನ್ ಬಂದಿದೆ ಎನ್ನುವ ಸೂಚನೆ. ಎರಡೂ ಇದ್ದರೆ ಮಾತ್ರ ಅದು ನಿಜವಾದ ಬಳಕೆದಾರರು. ನನ್ನಲ್ಲಿ ಎರಡೂ ಲೈನ್ ಸಿಗ್ನಲ್ ಇದ್ದಾಗ 5 ವೋಲ್ಟ್‌ಗೆ ಏರುತ್ತವೆ, ಆದ್ದರಿಂದ ನಾಲ್ಕು ನ್ಯಾಂಡ್ ಗೇಟ್ ಇರುವ ಒಂದೇ 4093 ಚಿಪ್ ಸಾಕಾಯಿತು. ಮೊದಲ ಗೇಟ್ ಎರಡು ಲೈನನ್ನೂ ಸೇರಿಸುತ್ತದೆ, ಎರಡನೆಯದು ಬಂದದ್ದನ್ನು ತಲೆಕೆಳಗು ಮಾಡುತ್ತದೆ. ಅಲ್ಲಿಂದ ಒಂದು ಡಯೋಡ್ ಮೂಲಕ 1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ. ಅದರ ಜೊತೆ ಗ್ರೌಂಡ್‌ಗೆ 220 ಕಿಲೋ ಓಮ್ ರೆಸಿಸ್ಟರ್. ಉಳಿದೆರಡು ಗೇಟ್‌ಗಳನ್ನು ದಾಟಿ 4066 ಎಂಬ ಎಲೆಕ್ಟ್ರಾನಿಕ್ ಸ್ವಿಚ್‌ನ ಕಂಟ್ರೋಲ್ ಪಿನ್‌ಗೆ. ಈ ಸ್ವಿಚ್ ಎನ್‌ಕೋಡರ್‌ನ ಟೋನನ್ನು ತೆರೆದು ಮುಚ್ಚುತ್ತದೆ.

ಡಯೋಡ್ ಮತ್ತು ಕೆಪಾಸಿಟರ್ ಯಾಕೆ ಅಂದರೆ, ಓಡುವ ಗಾಡಿಯಿಂದ ಮಾತಾಡುವವರಿಗಾಗಿ. ಅವರ ಸಿಗ್ನಲ್ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಸಿಒಎಸ್ ಪಟಪಟ ಅನ್ನುತ್ತದೆ. ಟೋನ್ ಕೂಡ ಹಾಗೇ ಕುಣಿದರೆ, ಕೇಳುವವರ ಡಿಕೋಡರ್ ಪ್ರತಿಸಲ ಹೊಸದಾಗಿ ಟೋನ್ ಗುರುತಿಸಬೇಕು. ಅಷ್ಟರಲ್ಲಿ ಪದಗಳೇ ನುಂಗಿಹೋಗುತ್ತವೆ. ಡಯೋಡ್ ಕೆಪಾಸಿಟರನ್ನು ತಕ್ಷಣ ತುಂಬಿಸುತ್ತದೆ, ರೆಸಿಸ್ಟರ್ ನಿಧಾನವಾಗಿ ಖಾಲಿ ಮಾಡುತ್ತದೆ. ಟೋನ್ ಬೇಗ ಬರುತ್ತದೆ, ಹೋಗುವಾಗ 0.2 ಸೆಕೆಂಡಿನಷ್ಟು ತಡವಾಗಿ ಹೋಗುತ್ತದೆ. ಸಣ್ಣಪುಟ್ಟ ಕಡಿತ ಹೊರಗೆ ಗೊತ್ತೇ ಆಗುವುದಿಲ್ಲ.

4066 ಜಾಗದ ಬಗ್ಗೆ ಒಂದು ಮಾತು. ಸ್ವಿಚ್‌ನ ಎರಡೂ ಕಡೆಗೆ 100 ಕಿಲೋ ಓಮ್ ಮೂಲಕ ಒಂದೇ 2.5 ವೋಲ್ಟ್ ಬಯಾಸ್ (ಸ್ಥಿರ ವೋಲ್ಟೇಜ್) ಕೊಡಬೇಕು. ಇಲ್ಲದಿದ್ದರೆ ತೆರೆದಾಗಲೂ ಮುಚ್ಚಿದಾಗಲೂ 'ಟಪ್' ಅಂತ ಶಬ್ದ ಗಾಳಿಗೆ ಹೋಗುತ್ತದೆ. ಲೋ ಪಾಸ್ ಫಿಲ್ಟರನ್ನು ಸ್ವಿಚ್ ಆದ ಮೇಲೆ ಇಟ್ಟೆ. ಟೋನ್ ಅಲೆಯ ನಡುವೆ ಕತ್ತರಿಸಿದಾಗ ಹುಟ್ಟುವ ಚೂರುಪಾರು ಸದ್ದನ್ನೂ ಅದು ನುಂಗುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆಯೇ ಸಂಗತಿ. ಎಲ್ಲ ಜೋಡಿಸಿ ಆನ್ ಮಾಡಿದರೆ, ಕೆಲವರು ಮಾತಾಡುವಾಗ ಮಾತ್ರ ಕೇಳುಗರ ಸ್ಪೀಕರ್ ಆಗಾಗ ಮುಚ್ಚಿಕೊಳ್ಳುತ್ತಿತ್ತು. ಅದೂ ಒಂದು ಲಯದಲ್ಲಿ. ಸಿಗ್ನಲ್ ಗಟ್ಟಿ, ಡೀವಿಯೇಷನ್ (ಆಡಿಯೋಗೆ ತಕ್ಕಂತೆ ಫ್ರೀಕ್ವೆನ್ಸಿ ಎಷ್ಟು ಅತ್ತಿತ್ತ ಆಗುತ್ತದೆ ಎನ್ನುವ ಅಳತೆ) ಸರಿ. ಸ್ಕೋಪ್‌ನಲ್ಲಿ ಟ್ರಾನ್ಸ್‌ಮಿಟರ್‌ಗೆ ಹೋಗುವ ಆಡಿಯೋ ನೋಡಿದೆ. ಟೋನ್‌ನ ಎತ್ತರ ನಿಧಾನವಾಗಿ ಉಬ್ಬಿ, ಕುಗ್ಗಿ, ಮತ್ತೆ ಉಬ್ಬುತ್ತಿತ್ತು. ಅಲ್ಲಿಗೆ ವಿಷಯ ತಿಳಿಯಿತು. ಬಳಕೆದಾರರ ರೇಡಿಯೋದ ಟೋನ್ ಆಡಿಯೋ ಜೊತೆಗೇ ನುಸುಳಿ ಬರುತ್ತಿತ್ತು, ಅದರ ಮೇಲೆ ನಮ್ಮ ಎನ್‌ಕೋಡರ್‌ನ ಟೋನ್ ಕೂತಿತ್ತು. ಎರಡೂ 123.0 ಹರ್ಟ್ಸ್. ಆದರೆ ಯಾವ ಎರಡು ಆಸಿಲೇಟರ್‌ಗಳೂ ಪೂರ್ತಿ ಒಂದೇ ಆಗಿರುವುದಿಲ್ಲ, ಅಲ್ವಾ? ನಡುವೆ 0.2 ಹರ್ಟ್ಸ್ ವ್ಯತ್ಯಾಸ ಇದ್ದರೂ ಐದು ಸೆಕೆಂಡಿಗೊಮ್ಮೆ ಒಂದನ್ನೊಂದು ಹೊಡೆದುಹಾಕುತ್ತವೆ. ಹಳೆಯ ಜೋಡಣೆಯಲ್ಲೂ ಇದು ಇತ್ತು, ಆದರೆ ಟೋನ್ ಸ್ಕ್ವೆಲ್ಚ್ ಹಾಕಿಕೊಂಡು ಕೇಳುವವರು ಕಡಿಮೆ ಇದ್ದುದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ರಿಸೀವರ್ ಆಡಿಯೋ ದಾರಿಯಲ್ಲಿ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿದಾಗಿ ತಡೆಯುವ ಹೈ ಪಾಸ್ ಫಿಲ್ಟರ್ ಹಾಕಿದ ಮೇಲೆ ಉಬ್ಬರವಿಳಿತ ನಿಂತಿತು. ಒಳಗೆ ಬಂದ ಟೋನ್ ಅಲ್ಲೇ ಸಾಯಬೇಕು, ಹೊರಗೆ ಹೋಗುವುದು ನಮ್ಮದೇ ಆಗಿರಬೇಕು. ಈ ಬದಲಾವಣೆ ಮಾಡಲು ಹೊರಡುವವರು ಬೇರೆಲ್ಲಕ್ಕಿಂತ ಮೊದಲು ಇದನ್ನು ನೋಡಿಕೊಳ್ಳಿ.

ಟೋನ್ ಡೀವಿಯೇಷನ್ ಮೀಟರ್‌ನಲ್ಲಿ 600 ಹರ್ಟ್ಸ್‌ಗೆ ಇಟ್ಟೆ. ಮಾತು, ಟೋನ್ ಎರಡೂ ಸೇರಿ 5 ಕಿಲೋಹರ್ಟ್ಸ್ ದಾಟಬಾರದು. ಟೋನನ್ನು ಮೈಕ್ ಇನ್‌ಪುಟ್‌ಗೆ ಕೊಡಬೇಡಿ. ಅಲ್ಲಿನ ಪ್ರೀ ಎಂಫಸಿಸ್ (ಹೆಚ್ಚಿನ ಫ್ರೀಕ್ವೆನ್ಸಿಗೆ ಒತ್ತು ಕೊಡುವ ಸರ್ಕ್ಯೂಟ್) ಕಡಿಮೆ ಫ್ರೀಕ್ವೆನ್ಸಿಯನ್ನು ತಗ್ಗಿಸುತ್ತದೆ, ಜೋರಾಗಿ ಮಾತಾಡಿದಾಗ ಆಡಿಯೋಗೆ ಮಿತಿ ಹಾಕುವ ಲಿಮಿಟರ್ ಟೋನನ್ನೂ ಹಿಂಡುತ್ತದೆ. ಲಿಮಿಟರ್ ದಾಟಿದ ಮೇಲೆ ನೇರ ಮಾಡ್ಯುಲೇಟರ್‌ಗೇ ಸೇರಿಸಬೇಕು.

ಇನ್ನು ಬೀಪ್. ಒಬ್ಬರು ಪಿಟಿಟಿ ಬಿಟ್ಟ ಅರ್ಧ ಸೆಕೆಂಡಿನ ಮೇಲೆ ರಿಪೀಟರ್‌ನ ಕಂಟ್ರೋಲರ್ ಒಂದು ಬೀಪ್ ಕೊಡುತ್ತದೆ, ಒಬ್ಬರ ಮಾತಿಗೆ ಮಿತಿ ಹಾಕುವ ಟೈಮರ್ ಹೊಸದಾಗಿ ಶುರುವಾಯಿತು ಅನ್ನುವ ಗುರುತು. ಅಷ್ಟೊತ್ತಿಗೆ ಟೋನ್ ಹೋಗಿರುತ್ತದೆ, ಟೋನ್ ಸ್ಕ್ವೆಲ್ಚ್‌ನವರಿಗೆ ಬೀಪ್ ಕೇಳಿಸುವುದಿಲ್ಲ. ಬೀಪ್ ಬೇಕೇ ಬೇಕು ಎಂದವರೂ ಇದ್ದರು. ಕೆಪಾಸಿಟರನ್ನು 4.7 ಮೈಕ್ರೋಫ್ಯಾರಡ್ ಮಾಡಿದರೆ ಟೋನ್ ಮುಕ್ಕಾಲು ಸೆಕೆಂಡಿನಷ್ಟು ಉಳಿಯುತ್ತದೆ, ಬೀಪ್ ದಾಟಿಕೊಳ್ಳುತ್ತದೆ. ಆದರೆ ಲಿಂಕ್ ನೋಡ್ ಕೂಡ ಅಷ್ಟು ಹೊತ್ತು ದಾರಿ ಹಿಡಿದಿಟ್ಟು ಬೀಪನ್ನೂ ಇಂಟರ್ನೆಟ್‌ಗೆ ದಾಟಿಸುತ್ತದೆ. ನಾನು 1 ಮೈಕ್ರೋಫ್ಯಾರಡ್‌ನಲ್ಲೇ ಉಳಿದೆ. ಬೀಪ್ ಬೇಕಾದವರು ತಮ್ಮ ಸೆಟ್‌ನಲ್ಲಿ ಟೋನ್ ಡಿಕೋಡ್ ತೆಗೆದರೆ ಮೊದಲಿನಂತೆ ಎಲ್ಲವೂ ಕೇಳಿಸುತ್ತದೆ. ಕಾಲ್‌ಸೈನ್ ಕೂಡ ಗಾಳಿಗೆ ಹೋಗುತ್ತಲೇ ಇದೆ, ಟೋನ್ ಇಲ್ಲದೆ ಅಷ್ಟೇ.

ಇದಕ್ಕೆ ಒಂದು ಬೆಲೆ ತೆರಬೇಕು. ಮೊದಲು ರಿಪೀಟರ್ ಟೋನ್ ಗುರುತಿಸಬೇಕು, ಆಮೇಲೆ ಕೇಳುವವರ ಸೆಟ್ ಗುರುತಿಸಬೇಕು. ಎರಡು ತಡ ಒಂದರ ಹಿಂದೆ ಒಂದು ಸೇರುತ್ತವೆ. ಅದಕ್ಕೇ ಪಿಟಿಟಿ ಒತ್ತಿ, ಅರ್ಧ ಸೆಕೆಂಡು ಬಿಟ್ಟು ಮಾತು ಶುರು ಮಾಡಿ ಎಂದು ಎಲ್ಲರಿಗೂ ಮೊದಲೇ ಹೇಳಿಟ್ಟೆ.

ಪರೀಕ್ಷೆಗೆ ಮೂರು ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ಸಾಕು. ಒಂದರಿಂದ ಕಳಿಸಿ. ಇನ್ನೊಂದಕ್ಕೆ ಟೋನ್ ಸ್ಕ್ವೆಲ್ಚ್ ಹಾಕಿ, ಮೂರನೆಯದನ್ನು ಟೋನ್ ನೋಡದೆ ಸಿಗ್ನಲ್ ಬಂದರೆ ತೆರೆಯುವ ಬರೀ ಕ್ಯಾರಿಯರ್ ಸ್ಕ್ವೆಲ್ಚ್‌ನಲ್ಲಿಡಿ. ಮಾತು ಬಿಟ್ಟ ತಕ್ಷಣ ಎರಡನೆಯದು ಸದ್ದಿಲ್ಲದೆ ಮುಚ್ಚಬೇಕು, ಮೂರನೆಯದರಲ್ಲಿ ಬೀಪ್, ಹ್ಯಾಂಗ್ ಟೈಮ್ ಎಲ್ಲ ಬರಬೇಕು. 4066ರ ಕಂಟ್ರೋಲ್ ಪಿನ್‌ಗೆ ಒಂದು ಜಂಪರ್ ಕೂಡ ಇಟ್ಟಿದ್ದೇನೆ. ಅದನ್ನು ಪಿಟಿಟಿ ಕಡೆಗೆ ತಿರುಗಿಸಿದರೆ ಹಳೆಯ ಜೋಡಣೆ ವಾಪಸ್. ಪಿಟಿಟಿ ಲೈನ್ ಟ್ರಾನ್ಸ್‌ಮಿಟ್ ಆಗುವಾಗ ಗ್ರೌಂಡ್ ಆಗುವುದರಿಂದ ಒಂದು ಟ್ರಾನ್ಸಿಸ್ಟರ್‌ನಿಂದ ತಲೆಕೆಳಗು ಮಾಡಿ ಕೊಟ್ಟಿದ್ದೇನೆ. ಯಾವ ಕಡೆ ಯಾವುದು ಎಂದು ಬಾಕ್ಸ್ ಮುಚ್ಚಳದ ಒಳಗೇ ಬರೆದು ಅಂಟಿಸಿದ್ದೇನೆ, ಮುಂದೆ ಬೇರೆ ಯಾರು ತೆರೆದರೂ ಗೊತ್ತಾಗಲಿ ಅಂತ.