ಸೈಲೆನ್ಸರ್ ಬಿಚ್ಚೋ ಮೊದಲು ರೊಕ್ಕ ಬಿಚ್ಚಬೇಡ್ರಿ

ಚೆನ್ನಾಗಿ ಓಡೋ ಹಳೇ ಚೈನ್ ಸಾ (ಮರ ಕೊಯ್ಯೋ ಮಷಿನ್) ನಾನು ತಗೊಳ್ಳಲ್ಲ. ಒಳಗೆ ಪಿಸ್ಟನ್ ಚೆನ್ನಾಗಿದ್ದು, ಕೆಟ್ಟದಾಗಿ ಓಡೋದನ್ನೇ ಹುಡುಕಿ ತರ್ತೀನಿ. ಈ ಮಾತಿಗೆ ನಮ್ಮ ಕಟಿಂಗ್ ಗ್ಯಾಂಗಿನವರು ಎರಡು ವರ್ಷ ನಕ್ಕಿದ್ದಾರೆ. "ಹಳೇ ಮಷಿನ್ ಅಂದ್ರ ಗೊಡ್ಡೆಮ್ಮಿ ಇದ್ದಂಗ ತಮ್ಮಾ, ಹಾಲಿಲ್ಲ, ಬರೇ ಮೇವು" ಅಂತ ನಮ್ಮ ಕಾಕಾ ಮಂದಿ ಮುಂದೆಲ್ಲಾ ಹೇಳಿಕೊಂಡು ಬಂದರು. ಈಗ ಅದೇ ಕಾಕಾ ತಮಗೂ ಒಂದು ನೋಡಿಕೊಡು ಅಂತ ಫೋನ್ ಹಚ್ಚುತ್ತಾರೆ. ಅದಕ್ಕೇ ಬರೆಯೋಣ ಅನಿಸಿತು.

ನನ್ನ ಕೈಯಲ್ಲಿರೋದು ಸ್ಟಿಲ್ ಕಂಪನಿಯ ಎಂಎಸ್ 382, 72 ಸಿಸಿ, 25 ಇಂಚಿನ ಬಾರ್ (ಚೈನ್ ಓಡೋ ಪಟ್ಟಿ). ಕೊಂಡಿದ್ದು 14 ಸಾವಿರದ ಆಸುಪಾಸು. ಮೇಲೆ 5-6 ಸಾವಿರ ಬಿತ್ತು. ಹೊಸದಕ್ಕೆ ಅರ್ಧ ಲಕ್ಷದ ಮೇಲೆ ಕೊಡಬೇಕು. ಖಾನಾಪುರ ಕಡೆ ಮಾವು, ಹುಣಸೆಯ ದೊಡ್ಡ ದಿಮ್ಮಿಗಳಿಂದ ಹಿಡಿದು ಗೋಕಾಕ ಕಡೆ ನೀಲಗಿರಿ ತೋಪಿನ ತನಕ ಎಲ್ಲಾ ಕೊಯ್ದಿದೆ. ಎರಡು ಸೀಸನ್ ದಾಟಿತು, ಸಿಲಿಂಡರ್ ಇನ್ನೂ ಬಿಚ್ಚಿಲ್ಲ.

ಅದಕ್ಕೂ ಮುಂಚೆ ಎಲ್ಲರಂತೆ ನಾನೂ 7 ಸಾವಿರದ, "58 ಸಿಸಿ" ಅಂತ ಸ್ಟಿಕ್ಕರ್ ಅಂಟಿಸಿದ ಮಷಿನ್‌ಗಳಲ್ಲೇ ಕೆಲಸ ಮಾಡಿದವನು. ಸ್ಟಿಕ್ಕರಿನಲ್ಲಿ ಬರೆದಷ್ಟು ಸಿಸಿ ಬಹಳಷ್ಟರಲ್ಲಿ ಒಳಗಿರಲ್ಲ, ಅದು ಬೇರೆ ಮಾತು. ಮಷಿನ್ ಹೋದರೆ ಹೋಗಲಿ, ಅದು ಅರ್ಧ ದಿಮ್ಮಿಯಲ್ಲಿ ನಿಂತಾಗ ಕೂತು ಬೀಡಿ ಸೇದುವ ನಾಲ್ಕು ಆಳಿನ ಪಗಾರ ಯಾರು ಕೊಡಬೇಕು? ತಲೆಗೆ 700 ಹಿಡಿದರೂ ಒಂದು ದಿನಕ್ಕೆ ಸುಮಾರು 3 ಸಾವಿರ ನೀರಿಗೆ. ಟ್ರ್ಯಾಕ್ಟರ್ ಬಾಡಿಗೆ ಮತ್ತೆ ಬೇರೆ. ಈ ಲೆಕ್ಕ ಯಾರೂ ಹಾಕಲ್ಲ.

ಸ್ಟಿಲ್ಲಿನ ಸಣ್ಣ ಮಷಿನ್‌ಗಳು ಎಂಎಸ್ 180, 250 ಬಗ್ಗೆ ನನ್ನ ತಕರಾರಿಲ್ಲ, ತೋಟದ ಮನೆಗೆ ಸಾಕು. ಆದರೆ ಅವುಗಳ ಇಂಜಿನ್ ಪ್ಲಾಸ್ಟಿಕ್ ಬಾಡಿಯೊಳಗೆ ಕೂತಿರುತ್ತದೆ, ಹಳೆಯದಾದ ಮೇಲೆ ರಿಪೇರಿಗೆ ಹಾಕಿದ ರೊಕ್ಕ ಹುಟ್ಟಲ್ಲ. 382, 361, ಹಸ್ಕ್‌ವರ್ನಾ 365, 372 ಇವುಗಳ ಜಾತಿಯೇ ಬೇರೆ. ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಕೆಳಗಿನ ಪೆಟ್ಟಿಗೆ) ಮ್ಯಾಗ್ನೀಷಿಯಮ್ಮಿನದು, ಸಿಲಿಂಡರ್ ಬೇರೆಯಾಗಿ ಬೋಲ್ಟ್ ಹಾಕಿದ್ದು, ಸೀಲು, ಬೇರಿಂಗು ಎಲ್ಲಾ ಬಿಡಿಯಾಗಿ ಸಿಗುತ್ತವೆ. ನಮಗೆ ಪುಣೆ ಹತ್ತಿರ, ಕೊಲ್ಲಾಪುರ ಇನ್ನೂ ಹತ್ತಿರ. ಸಾಮಾನಿಗೆ ನಾನು ಒಂದು ವಾರದ ಮೇಲೆ ಕಾದಿದ್ದು ನೆನಪಿಲ್ಲ.

ಮಾರೋನಿಗೆ ನಾನು ಮೊದಲು ಹೇಳೋದು ಒಂದೇ: "ನಾ ಬರೋತನಕ ಮಷಿನ್ ಚಾಲೂ ಮಾಡಬ್ಯಾಡ್ರಿ." ಹೋದ ಕೂಡಲೇ ಸಿಲಿಂಡರಿನ ರೆಕ್ಕೆ ಮುಟ್ಟಿ ನೋಡ್ತೀನಿ. ನಿಪ್ಪಾಣಿ ಹತ್ತಿರ ಒಬ್ಬರ ಮನೆಯಲ್ಲಿ ಕೈ ಸುಟ್ಟಿತು. "ಈಗಷ್ಟ ಟೊಂಗಿ ಕಡದೆ ರೀ" ಅಂದರು. ಅಂಗಳದಲ್ಲಿ ಒಂದು ಚೂರು ಹೊಟ್ಟು ಬಿದ್ದಿರಲಿಲ್ಲ. ಚಹಾ ಕುಡಿದು ವಾಪಸ್ ಬಂದೆ. ಅದನ್ನು ನಮ್ಮ ದೋಸ್ತ 18 ಸಾವಿರಕ್ಕೆ ತಂದ, ಒಂದೇ ಎಳೆತಕ್ಕೆ ಚಾಲೂ ಆಗುತ್ತೆ ಅಂತ ಹೆಮ್ಮೆಯಿಂದ ವಿಡಿಯೊ ಕಳಿಸಿದ. ಪಿಸ್ಟನ್ ತುಂಬಾ ಗೀರು. ಈಗಷ್ಟೇ ಓಡಿಸಿಟ್ಟಿದ್ದರೆ ಮಾತ್ರ ಒಂದೇ ಎಳೆತ. ತಂಪಿದ್ದಾಗ ಹತ್ತು ಸಲ ಎಳೆಯಬೇಕು, ಕಟ್ಟಿಗೆಯಲ್ಲಿ ದುಡಿದು ಪೂರ್ತಿ ಕಾದ ಮೇಲೆ ಬಂದ್ ಮಾಡಿದರೆ ಎಳೆದೂ ಎಳೆದೂ ಭುಜ ಬಿದ್ದುಹೋಗಬೇಕು. ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಅದುಮೋ ಬಲ) ಸತ್ತ ಮಷಿನ್ನಿನ ಗುಣವೇ ಅದು. ಹಾಗಾಗಿ ಚೆನ್ನಾಗಿ ಓಡುತ್ತದೆ ಅಂತ ಮಾರೋ ಮಷಿನ್ ತಂಪಿದ್ದಾಗ ಒಂದು ಸಲ, ಹತ್ತು ನಿಮಿಷ ಕಟ್ಟಿಗೆಯಲ್ಲಿ ದುಡಿಸಿ ಐದು ನಿಮಿಷ ಬಿಟ್ಟು ಇನ್ನೊಂದು ಸಲ ಚಾಲೂ ಆಗಬೇಕು.

ಚಾಲೂ ಮಾಡೋದಕ್ಕಿಂತ ಮೊದಲು ಸೈಲೆನ್ಸರ್ ಬಿಚ್ಚಬೇಕು. ನಕ್ಷತ್ರದ ತುದಿಯ ಟಿ27 ಕೀ ಜೇಬಲ್ಲಿ ಇರಲಿ. ಮೊಬೈಲ್ ಟಾರ್ಚ್ ಹಾಕಿ ಹಗ್ಗ ನಿಧಾನ ಎಳೆದರೆ ಪಿಸ್ಟನ್ ಮೇಲೆ ಕೆಳಗೆ ಆಡೋದು ಕಾಣುತ್ತದೆ. ಲೇಥಿನ ಸಣ್ಣ ಅಡ್ಡಗೆರೆ ಇನ್ನೂ ಕಂಡರೆ ಬಂಗಾರ. ಉದ್ದ ಗೀರು ಕಂಡರೆ ಎಣ್ಣೆ ಇಲ್ಲದೆ ಅಥವಾ ಗಾಳಿ ಎಳೆದು ಸೀಜ್ ಆಗಿದ್ದು, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿದ್ದು. ಬಿಚ್ಚಲು ಬಿಡದವರ ಹತ್ತಿರ ನಾನು ದರ ಕೇಳೋದೇ ಇಲ್ಲ.

ಇದೂ ಪೂರ್ತಿ ಸಾಲದು. ಬಾಗಲಕೋಟೆ, ವಿಜಯಪುರ ಕಡೆಯಿಂದ ಬರೋ ಮಷಿನ್‌ಗಳು ಸೈಲೆನ್ಸರ್ ಬದಿಯಲ್ಲಿ ಕನ್ನಡಿ ಹಾಗಿರುತ್ತವೆ, ಕಾರ್ಬೊರೇಟರ್ ಬದಿಯಲ್ಲಿ ಸವೆದು ಬೂದಿ ಬಣ್ಣ. ಬೇಸಗೆಯ ಎರೆಮಣ್ಣಿನ ಧೂಳಿನಲ್ಲಿ ದಿನಗಟ್ಟಲೆ ಬಳ್ಳಾರಿ ಜಾಲಿ ಕಡಿದಿರುತ್ತಾರೆ, ಫಿಲ್ಟರ್ ಹರಿದಿದ್ದು ಯಾರೂ ನೋಡಿರಲ್ಲ. ಫಿಲ್ಟರ್ ತೆಗೆದು ಕಾರ್ಬೊರೇಟರಿನ ಗಂಟಲಲ್ಲಿ ಬಿಳಿ ಬಟ್ಟೆ ಆಡಿಸಿ. ಮಣ್ಣು ಹತ್ತಿದರೆ ಮಷಿನ್ ಮಣ್ಣು ತಿಂದಿದೆ, ಬಿಟ್ಟುಬಿಡಿ. ಖಾನಾಪುರ ಕಡೆಯವುಗಳ ಜಡ್ಡು ಬೇರೆ: ತುಕ್ಕು, ಟ್ಯಾಂಕಿನಲ್ಲಿ ನೀರು.

ನೀರಿನ ಮಾತು ಬಂತಲ್ಲ. 2023ರಿಂದ ಬಂಕಿನಲ್ಲಿ ಇ20, ಅಂದರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್, ಶುರುವಾಯಿತು. ನಮ್ಮದೇ ಜಿಲ್ಲೆಯ ಕಬ್ಬು ಫ್ಯಾಕ್ಟರಿಗೆ ಹೋಗಿ ಎಥನಾಲ್ ಆಗಿ ನಮ್ಮದೇ ಮಷಿನ್ನಿಗೆ ಬರುತ್ತಿದೆ, ಸಂತೋಷ. ಆದರೆ ಎಥನಾಲ್ ನೀರು ಹೀರುತ್ತದೆ, ಮಳೆಗಾಲದಲ್ಲಿ ಟ್ಯಾಂಕಿನಲ್ಲೇ ಬಿಟ್ಟರೆ ಪೆಟ್ರೋಲ್ ಮೇಲೆ, ನೀರು ಕೆಳಗೆ. ಹಳೇ ಮಷಿನ್ನಿನ ಪೆಟ್ರೋಲ್ ಪೈಪು, ಡಯಾಫ್ರಾಮ್ (ಕಾರ್ಬೊರೇಟರಿನ ತೆಳು ಪರದೆ) ಅದಕ್ಕೆ ಮಾಡಿದ್ದಲ್ಲ. ತಂದ ದಿನವೇ ಎರಡೂ ಬದಲಿಸಿ, 600-700 ರೂಪಾಯಿ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಬಂದ್ ಆಗೋತನಕ ಓಡಿಸಿ.

ಇನ್ನು ನನ್ನ 382 ಹೇಗೆ ಸಿಕ್ಕಿತು ಅನ್ನೋದು. ಚಿಕ್ಕೋಡಿ ಕಡೆಯ ಒಬ್ಬ ಯಜಮಾನರದು. ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಬಿಟ್ಟಾಗ, ಒಮ್ಮೆ ಚೀರುತ್ತದೆ, ಒಮ್ಮೆ ಸಾಯುತ್ತದೆ. ಎಲ್ಲಿಂದಲೋ ಹೊರಗಿನ ಗಾಳಿ ಎಳೆಯೋ ಮಷಿನ್ನಿನ ಲಕ್ಷಣ ಅದು. ಅಲ್ಲಿನ ಮಿಸ್ತ್ರಿಗಳು ಎರಡು ಕಾರ್ಬೊರೇಟರ್ ಬದಲಿಸಿ ಕೈಚೆಲ್ಲಿದ್ದರು. ಕಟ್ಟಿಗೆಗೆ ಹಚ್ಚಿದರೆ ಬಂದ್, ಹೀಗಾಗಿ ವರ್ಷದಿಂದ ಮೂಲೆಯಲ್ಲಿ ಬಿದ್ದಿತ್ತು. ಆ ಬಿದ್ದಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಪಿಸ್ಟನ್ ಉಳೀತಿರಲಿಲ್ಲ. ಸೈಲೆನ್ಸರ್ ಬಿಚ್ಚಿ ನೋಡಿದೆ, ಅಡ್ಡಗೆರೆ ಹಾಗೇ ಇವೆ. ಮುಖದಲ್ಲಿ ತೋರಿಸದೆ "ಮೋಡಕಾ ಅಂಗಡಿಗೆ ಹಾಕೋದೇನ್ರಿ?" ಅಂದೆ, ಗುಜರಿಗೆ ಅನ್ನೋ ಅರ್ಥದಲ್ಲಿ. ಅವರು 20ರಿಂದ ಇಳಿದರು.

ಜೊತೆಗೆ ಬಂದಿದ್ದ ಗ್ಯಾರೇಜಿನ ಹುಡುಗ ಕಂಪ್ರೆಷನ್ ಗೇಜ್ ಹಚ್ಚಿ "110 ತೋರಸ್ತೈತಿ ಅಣ್ಣಾ, ಬ್ಯಾಡ" ಅಂದ. ಅದು ಕಾರಿಗೆ ಬಳಸೋ ಗೇಜ್. ಗಾಳಿ ಹಿಡಿಯೋ ಸಣ್ಣ ವಾಲ್ವ್ ಗೇಜಿನ ಬುಡದಲ್ಲಿದ್ದರೆ ಉದ್ದ ಪೈಪಿನ ಜಾಗವೂ ಸಿಲಿಂಡರಿಗೆ ಸೇರಿಬಿಡುತ್ತದೆ, ಇಷ್ಟು ಸಣ್ಣ ಇಂಜಿನ್ನಿನಲ್ಲಿ ಅಂಕಿ ಸುಳ್ಳಾಗುತ್ತದೆ. ವಾಲ್ವ್ ಪ್ಲಗ್ಗಿನ ತುದಿಯಲ್ಲಿ ಇರಬೇಕು. ಮನೆಗೆ ತಂದು ನನ್ನ ಗೇಜ್ ಹಚ್ಚಿದೆ, 150 ಪಿಎಸ್‌ಐ (ಒತ್ತಡದ ಅಳತೆ) ಮೇಲೆ. ಗೇಜ್ ಇಲ್ಲದವರು ಹಗ್ಗದ ಹಿಡಿಕೆ ಹಿಡಿದು ಮಷಿನ್ ಜೋತುಬಿಡಿ, ತಡೆತಡೆದು ಇಳಿದರೆ ಸರಿ, ಸರ್ರಂತ ಇಳಿದರೆ ಬೇಡ. ಸುಲಭವಾಗಿ ಎಳೆಯಲು ಒತ್ತಡ ಇಳಿಸೋ ಡಿಕಂಪ್ರೆಷನ್ ಬಟನ್ ಇದ್ದರೆ ಅದು ಒತ್ತಿರಬಾರದು.

ಗಾಳಿ ಎಲ್ಲಿಂದ ಎಳೆಯುತ್ತಿದೆ ಅಂತ ಹುಡುಕಲು ಮಾಡಿದ ಪ್ರಯೋಗ ಹೇಳಿದರೆ ಈಗಲೂ ನಗುತ್ತಾರೆ. ಕಂಪನಿಯ ಪ್ರೆಷರ್ ಟೆಸ್ಟರ್ ದುಬಾರಿ. ಅಪ್ಪನ ಹಳೇ ಬಿಪಿ ಮಷಿನ್ ಇತ್ತಲ್ಲ, ಅದರ ಬಲ್ಬು, ಗಡಿಯಾರ ತೆಗೆದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಪರಿಚಯದ ಲೇಥಿನವನ ಹತ್ತಿರ ಎಕ್ಸಾಸ್ಟ್, ಇನ್‌ಟೇಕ್ ಮುಚ್ಚೋಕೆ ಎರಡು ಪ್ಲೇಟು, ಪ್ಲಗ್ಗಿನ ಜಾಗಕ್ಕೆ ಒಂದು ನಿಪ್ಪಲ್ ಮಾಡಿಸಿದೆ, 400 ರೂಪಾಯಿ. ಪಿಸ್ಟನ್ ಕೆಳಗಿಳಿಸಿ ಗಾಳಿ ಹಾಕಬೇಕು, ಆಗ ಕ್ರ್ಯಾಂಕ್‌ಕೇಸಿಗೂ ಹೋಗುತ್ತದೆ. ಬಿಪಿ ಗಡಿಯಾರದ 300 ಅಂದರೆ 0.4 ಬಾರ್ ಒತ್ತಡ. ಈ ಪರೀಕ್ಷೆಗೆ ಬೇಕಾದದ್ದು ಅರ್ಧ ಬಾರ್, ನಮ್ಮ ಕೆಲಸಕ್ಕೆ ಸಾಕು. ಸಾಬೂನು ನೀರು ಹಚ್ಚಿದೆ. ಇನ್‌ಟೇಕ್ ರಬ್ಬರಿನ ಕೆಳಗೆ ಗುಳ್ಳೆ ಎದ್ದವು. ಹೊಸ ರಬ್ಬರ್ ಹಾಕಿದೆ, ಗಾಳಿ ನಿಂತಿತು. ಆದರೂ ಮಷಿನ್ ಚೀರೋದು ಬಿಡಲಿಲ್ಲ!

ಉಳಿದಿದ್ದು ಕ್ರ್ಯಾಂಕ್ ಶಾಫ್ಟ್ ಹೊರಬರೋ ಜಾಗದ ಆಯಿಲ್ ಸೀಲು. ಅದರ ತುಟಿ ಒಳಮುಖ. ಒಳಗಿಂದ ಗಾಳಿ ಒತ್ತಿದರೆ ಅದು ಶಾಫ್ಟಿಗೆ ಇನ್ನೂ ಬಿಗಿಯಾಗುತ್ತದೆ, ಎಳೆದಾಗಲೇ ಸೋರುತ್ತದೆ. ದೊಡ್ಡ ಸಿರಿಂಜಿಗೆ ಮೀನಿನ ತೊಟ್ಟಿಯ ಒಮ್ಮುಖ ವಾಲ್ವ್ ಹಾಕಿ ಒಳಗಿನ ಗಾಳಿ ಎಳೆದೆ, ಫ್ಲೈವೀಲ್ ಬದಿಯ ಸೀಲು ಸಿಕ್ಕಿಬಿತ್ತು. ಸೀಲಿನ ಜೋಡಿಗೆ 500ರ ಒಳಗೆ. ಕ್ರ್ಯಾಂಕ್‌ಗೆ ಗೀರು ಬೀಳದ ಹಾಗೆ ಹಳೇ ಸೀಲು ಕೀಳೋದು ಹೇಗೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಉಳಿದ ಖರ್ಚು ಚೈನು, ಸ್ಪ್ರಾಕೆಟ್, ಬಾರಿಗೆ. ಸ್ಪ್ರಾಕೆಟ್ಟಿನ ಹಲ್ಲಿನಲ್ಲಿ ಅರ್ಧ ಮಿಲಿಮೀಟರ್ ಗುಳಿ ಬಿದ್ದಿದ್ದರೆ ಹೊಸ ಚೈನ್ ಹಾಕಿ ಹಾಳುಮಾಡಬೇಡಿ. ಸುಟ್ಟ ಆಯಿಲ್ ಹಾಕಿ ಓಡಿಸಿದ ಮಷಿನ್ ಆದರೆ ಬಾರಿನ ತುದಿಯನ್ನು ರಟ್ಟಿಗೆ ಹಿಡಿದು ಎಣ್ಣೆ ಸಿಡಿಯುತ್ತದಾ ನೋಡಿ. ಚೈನ್ ಬ್ರೇಕ್ ಕಿತ್ತು ಎಸೆದವರೇ ಜಾಸ್ತಿ, ಅದನ್ನು ಹಾಕಿಸದೆ ನಾನು ಆಳಿನ ಕೈಗೆ ಕೊಡಲ್ಲ.

ಸೀಜ್ ಆದದ್ದನ್ನೂ ಒಂದು ತಂದು ನೋಡಿದೆ, 3 ಸಾವಿರಕ್ಕೆ. ಸಿಲಿಂಡರಿಗೆ ಅಂಟಿದ ಅಲ್ಯೂಮಿನಿಯಂ ಮೇಲೆ ಸಂಡಾಸ ತೊಳೆಯೋ ಆ್ಯಸಿಡ್ಡನ್ನು ಕಡ್ಡಿ ಹತ್ತಿಯಲ್ಲಿ ಹಚ್ಚಿದರೆ ಬುರುಗು ಬರುತ್ತದೆ, ಬುರುಗು ನಿಂತ ಕೂಡಲೇ ನೀರಲ್ಲಿ ತೊಳೆಯಬೇಕು. ಕೋಟಿಂಗ್ ಉಳಿದಿತ್ತು, ಪೋರ್ಟಿನ ಅಂಚಿನಲ್ಲಿ ಮಾತ್ರ ಸ್ವಲ್ಪ ತಿಂದಿತು. ಹೊಸ ಪಿಸ್ಟನ್ ಹಾಕಿದೆ, ಓಡಿತು, 9 ಸಾವಿರಕ್ಕೆ ಮಾರಿದೆ. ಹೊಗೆ ಕುಡಿದು ಎರಡು ದಿನ ಗಂಟಲು ಕೆಟ್ಟಿದ್ದು ಲೆಕ್ಕಕ್ಕೆ ಹಿಡಿದರೆ ಲಾಭ ಅನ್ನೋ ಹಾಗಿಲ್ಲ. ಮತ್ತೆ ಮಾಡಲ್ಲ.

ಒಳ್ಳೆಯ 2ಟಿ (ಟೂ ಸ್ಟ್ರೋಕ್) ಆಯಿಲ್ ಆದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್, ಸಾದಾ ಆಯಿಲ್ ಆದರೆ 40. ಮುಚ್ಚಳದ ಅಳತೆ ಬಿಟ್ಟುಬಿಡಿ.

ಈಗ ಬೈಲಹೊಂಗಲ ಕಡೆ ಒಂದು 372 ಇದೆ ಅಂತ ಸುದ್ದಿ. ಐಡಲಿನಲ್ಲಿ ಚೀರುತ್ತದಂತೆ, 22 ಸಾವಿರ ಹೇಳ್ತಿದ್ದಾರೆ. ಚಾಲೂ ಮಾಡಬೇಡಿ ಅಂತ ಹೇಳಿಟ್ಟಿದ್ದೀನಿ. 15ರ ಮೇಲೆ ನಾನು ಹೋಗಲ್ಲ.