ಅಡಿಕೆ ಚೀಲಗಳಿಗೆ ನಮ್ಮದೇ ತಂತ್ರಾಂಶದಿಂದ ಬಾರ್‌ಕೋಡ್ ಚೀಟಿ ಮುದ್ರಿಸುವ ಬಗೆ

ಶಿವಮೊಗ್ಗದ ಮಂಡಿಗಳಿಗೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ದರ್ಜೆಗಳಲ್ಲಿ ಬೇರೆಬೇರೆಯಾಗಿ ಬರುವ ಅಡಿಕೆ ಚೀಲಗಳ ಲೆಕ್ಕವನ್ನು ಸ್ವಂತ ಡೇಟಾಬೇಸ್‌ನಲ್ಲಿ ಇಡುವವರು, ಬಾರ್‌ಕೋಡ್ ಅಳವಡಿಸುವ ಮೊದಲು ಅದರೊಳಗೆ ಏನಿರಬೇಕೆಂದು ತೀರ್ಮಾನಿಸಬೇಕು. ಚೀಲದ ಸಂಖ್ಯೆಯೊಂದೇ ಸಾಕು. ಬೆಳೆಗಾರರ ಹೆಸರು, ತೂಕ, ದರ್ಜೆಗಳೆಲ್ಲ ಡೇಟಾಬೇಸ್‌ನಲ್ಲೇ ಇದ್ದರೆ, ಮರುತೂಕದಲ್ಲಿ ಅರ್ಧ ಕಿಲೋ ಹೆಚ್ಚುಕಡಿಮೆಯಾದರೂ ಚೀಟಿ ಬದಲಿಸಬೇಕಾಗುವುದಿಲ್ಲ.

ಸಂಖ್ಯೆ 8 ಅಂಕಿಗಳದ್ದಾಗಿರಲಿ, ಕಾಲಂ ಪಠ್ಯರೂಪದ್ದಾಗಿರಲಿ. ಅಂಕೆಯಾಗಿ ಉಳಿಸಿದರೆ 00041207 ಎಂಬುದು 41207 ಆಗಿಬಿಡುತ್ತದೆ. ಸ್ಕ್ಯಾನರ್ ಓದಿದ್ದು ಯಾವ ದಾಖಲೆಗೂ ತಾಳೆಯಾಗುವುದಿಲ್ಲ. ಒಂದೇ ಸಂಖ್ಯೆ ಎರಡು ಬಾರಿ ಸೇರದಂತೆ ಆ ಕಾಲಮ್ಮಿಗೆ ಯೂನಿಕ್ ನಿರ್ಬಂಧವನ್ನೂ ಹಾಕಿರಿ.

ದಾಖಲೆಯನ್ನು ಡೇಟಾಬೇಸ್‌ನಲ್ಲಿ ಉಳಿಸಿದ ಮೇಲೆಯೇ, ಹಾಗೆ ಉಳಿಸಿದ ದಾಖಲೆಯಿಂದಲೇ ಚೀಟಿ ಮುದ್ರಣವಾಗಬೇಕು. ತೀರ್ಥಹಳ್ಳಿ ಕಡೆಯ ಒಂದು ಗೋದಾಮಿಗೆ ನಾನು ಬರೆದುಕೊಟ್ಟ ತಂತ್ರಾಂಶ ಮೊದಲು ಮುದ್ರಿಸಿ ಆಮೇಲೆ ಉಳಿಸುತ್ತಿತ್ತು. ನಡುವೆ ಕರೆಂಟು ಹೋದಾಗ ಚೀಟಿ ಚೀಲಕ್ಕೆ ಕಟ್ಟಿ ಆಗಿತ್ತು, ದಾಖಲೆ ಮಾತ್ರ ಇರಲಿಲ್ಲ. ಕರೆಂಟು ಬಂದ ಮೇಲೆ ಅದೇ ಸಂಖ್ಯೆ ಮತ್ತೊಬ್ಬ ಬೆಳೆಗಾರರ ಚೀಲಕ್ಕೆ ಬಿತ್ತು. ಹರಿದ ಚೀಟಿಯನ್ನು ಮರುಮುದ್ರಿಸುವಾಗಲೂ ಹಳೆಯ ಸಂಖ್ಯೆಯೇ ಬರಬೇಕು, ಯಾರು ಯಾವಾಗ ಮುದ್ರಿಸಿದರೆಂಬುದು ದಾಖಲಾಗಬೇಕು.

ಬಾರ್‌ಕೋಡ್ ವಿಧಗಳಲ್ಲಿ ಕೋಡ್ 128 ಬಳಸಿರಿ. ಅದರ ಸಿ ಗುಂಪು ಎರಡೆರಡು ಅಂಕಿಗಳನ್ನು ಒಂದೊಂದು ಸಂಕೇತವಾಗಿ ಹಿಡಿಯುವುದರಿಂದ 8 ಅಂಕಿಗಳಿಗೆ ಒಟ್ಟು 79 ಮಾಡ್ಯೂಲ್‌ಗಳು (ಅತಿ ಸಣ್ಣ ಗೆರೆಯ ಅಗಲದ ಘಟಕಗಳು) ಸಾಕು. 203 ಡಿಪಿಐ (ಇಂಚಿಗೆ 203 ಚುಕ್ಕಿ) ಪ್ರಿಂಟರ್‌ನಲ್ಲಿ ಮಿಲಿಮೀಟರಿಗೆ 8 ಚುಕ್ಕಿಗಳು. ಮಾಡ್ಯೂಲಿಗೆ 3 ಚುಕ್ಕಿಗಳಂತೆ ಅಗಲ ಸುಮಾರು 30 ಮಿಲಿಮೀಟರ್ ಆಗುತ್ತದೆ. ಎರಡೂ ಬದಿಗೆ 10 ಮಾಡ್ಯೂಲಿನಷ್ಟು ಖಾಲಿ ಬಿಟ್ಟರೂ 50 ಮಿಲಿಮೀಟರ್ ಚೀಟಿಯಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಗೆರೆಗಳನ್ನು ಚಿತ್ರವಾಗಿ ಕಳುಹಿಸಿ ಹಿಗ್ಗಿಸುವುದು ಕುಗ್ಗಿಸುವುದು ಬೇಡ, ಅಗಲ ಏರುಪೇರಾಗುತ್ತದೆ. ಪ್ರಿಂಟರಿನದೇ ಆದೇಶಭಾಷೆಯಲ್ಲಿ, ಉದಾಹರಣೆಗೆ ಜೀಬ್ರಾ ಪ್ರಿಂಟರ್‌ಗಳ ಜೆಡ್‌ಪಿಎಲ್‌ನಲ್ಲಿ, ಸಿ ಗುಂಪನ್ನು ಸೂಚಿಸಿ ಸಂಖ್ಯೆಯನ್ನು ಕೊಟ್ಟರೆ ಪ್ರಿಂಟರೇ ಗೆರೆ ಎಳೆಯುತ್ತದೆ, ಓದಿದ್ದು ಸರಿಯೇ ಎಂದು ತಾಳೆನೋಡುವ ಪರೀಕ್ಷಾಂಕವನ್ನೂ ತಾನೇ ಸೇರಿಸುತ್ತದೆ.

ಮಲೆನಾಡಿನ ಮಳೆಗಾಲಕ್ಕೆ ಕಾಗದದ ಚೀಟಿ ತಡೆಯದು, ಗೋಣಿಯ ನಾರಿಗೆ ಅಂಟೂ ಹಿಡಿಯದು. ಪ್ಲಾಸ್ಟಿಕ್ ಹಾಳೆಯ ಟ್ಯಾಗ್‌ಗೆ ರೆಸಿನ್ ರಿಬ್ಬನ್‌ನಿಂದ (ಶಾಖಕ್ಕೆ ಕರಗಿ ಅಂಟುವ ರಾಳದ ಮಸಿಪಟ್ಟಿ) ಮುದ್ರಿಸಿ, ತೂತು ಮಾಡಿ, ಚೀಲದ ಬಾಯಿ ಹೊಲಿಯುವ ದಾರದಲ್ಲೇ ಸೇರಿಸಿ ಕಟ್ಟಿರಿ. ಗೆರೆಗಳ ಕೆಳಗೆ ಸಂಖ್ಯೆಯನ್ನು ದಪ್ಪ ಅಂಕಿಗಳಲ್ಲಿ ಅಚ್ಚಾಗಿಸಿದರೆ, ಸ್ಕ್ಯಾನರ್ ಕೈಕೊಟ್ಟ ದಿನವೂ ಹಮಾಲರು ಓದಿ ಹೇಳಬಲ್ಲರು.